ಎರಡಡಿ ಟ್ಯಾಂಕಿಗೆ ಆಸ್ಕರ್ ಬೇಡ

ಅಕ್ವೇರಿಯಂ ಅಂಗಡಿಯಲ್ಲಿ ಎರಡಿಂಚಿನ ಆಸ್ಕರ್ ಮೀನಿನ ಮರಿ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಈ ಅಮೆಜಾನ್ ಮೀನು ಬೆಳೆದರೆ ಸುಮಾರು 30 ಸೆಂ.ಮೀ. ಉದ್ದವಾಗುತ್ತದೆ. ಎರಡಡಿ ಉದ್ದದ ಸಾಮಾನ್ಯ ಟ್ಯಾಂಕಿನ ಅಗಲವೂ ಅಷ್ಟೇ, ಒಂದಡಿ. ಇನ್ನು ಮೀನು ಆರಾಮಾಗಿ ತಿರುಗುವುದಾದರೂ ಹೇಗೆ?

ಟ್ಯಾಂಕ್ ಇದ್ದಷ್ಟೇ ಮೀನು ಬೆಳೆಯುತ್ತದೆ ಅನ್ನುವ ಮಾತನ್ನು ನಂಬಬೇಡಿ. ಚಿಕ್ಕ ಟ್ಯಾಂಕಿನಲ್ಲಿ ಬೆಳವಣಿಗೆ ಕುಂಠಿತವಾಗಬಹುದು. ಅದು ಹೊಂದಾಣಿಕೆಯಲ್ಲ, ಅನಾರೋಗ್ಯ.

ಉದ್ದ ಎರಡು ಪಟ್ಟಾದರೆ ಮೀನಿನ ತೂಕ ಸುಮಾರು ಎಂಟು ಪಟ್ಟಾಗುತ್ತದೆ. ತಿನ್ನುವುದೂ ಜಾಸ್ತಿ, ಗಲೀಜೂ ಜಾಸ್ತಿ. ಮೀನು ಕಿವಿರಿನಿಂದ ಅಮೋನಿಯ ಹೊರಬಿಡುತ್ತದೆ. ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ಆಗಾಗ ನೀರು ಬದಲಿಸಿದರೆ ಕಡಿಮೆಯಾಗುತ್ತದೆ. ನೀರೇ ಕಡಿಮೆಯಿದ್ದರೆ ಮಾತ್ರ ಅಮೋನಿಯ ಬೇಗ ಏರಿಬಿಡುತ್ತದೆ.

ಕಲಬುರಗಿಯಲ್ಲಿ ಇದರ ಜೊತೆಗೆ ಬಿಸಿಲೂ ಇದೆ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ. ಬಿಸಿ ನೀರಿನಲ್ಲಿ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚು. ಹೊರಗೆ 40 ದಾಟಿದ ಮೇ ತಿಂಗಳಲ್ಲಿ ಕರೆಂಟ್ ಹೋಗಿ ಏರ್ ಪಂಪ್ ನಿಂತರೆ ಮೊದಲು ಒದ್ದಾಡುವುದು ದೊಡ್ಡ ಮೀನೇ. ಶಹಾಬಾದ್ ಕಡೆಯ ಸುಣ್ಣದ ಕಲ್ಲಿನ ನೆಲದಲ್ಲಿ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಸ್ವಲ್ಪ ಕ್ಷಾರೀಯ. ಕ್ಷಾರೀಯ ನೀರಿನಲ್ಲಿ ಅಮೋನಿಯದ ವಿಷ ಇನ್ನೂ ಜೋರು. ನೀರಿನ ಮೇಲೆ ಗಾಳಿ ಬೀಳುವಂತೆ ಚಿಕ್ಕ ಫ್ಯಾನ್ ಇಡಿ. ನಮ್ಮ ಒಣ ಬೇಸಿಗೆಯಲ್ಲಿ ಮಡಕೆಯ ನೀರು ತಣ್ಣಗಾಗುವ ಹಾಗೆ ಟ್ಯಾಂಕೂ ಕೆಲವು ಡಿಗ್ರಿ ತಂಪಾಗುತ್ತದೆ.

ಹಾಗಾದರೆ ಯಾವ ಮೀನು? ಟ್ಯಾಂಕಿನ ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 120, 45, 60 ಅಂದರೆ 324 ಲೀಟರ್. ಇದರಲ್ಲಿ ಒಂದೇ ಒಂದು ಆಸ್ಕರ್ ಸಾಕಿ. ಇಲ್ಲವೇ ಒಂದು ಫ್ಲವರ್‌ಹಾರ್ನ್, ಅದಕ್ಕೆ ಗಡಸು ನೀರು ಒಗ್ಗುತ್ತದೆ. ಜಗಳಗಂಟ ಮೀನು, ಜೊತೆ ಬೇಡ. ಡಿಸ್ಕಸ್‌ಗೆ ಮೆದು ನೀರು ಬೇಕು, ಸುಮ್ನೆ ದುಡ್ಡು ಹಾಳು. ಸಿಲ್ವರ್ ಅರೋವಾನ ಸುಮಾರು 90 ಸೆಂ.ಮೀ. ಬೆಳೆಯುತ್ತದೆ, ಆರಡಿ ಟ್ಯಾಂಕೂ ಇಕ್ಕಟ್ಟೇ. ‘ಶಾರ್ಕ್’ ಅಂತ ಮಾರುವ ಪಂಗಾಸಿಯಸ್, ರೆಡ್‌ಟೇಲ್ ಕ್ಯಾಟ್‌ಫಿಶ್ ಎರಡೂ ಮೀಟರ್ ದಾಟಬಲ್ಲವು. ಪಾಚಿ ತಿನ್ನಲಿ ಅಂತ ತರುವ ಸಕ್ಕರ್ ಮೀನೂ 40 ಸೆಂ.ಮೀ. ಮುಟ್ಟುತ್ತದೆ. ಎರಡಡಿ ಟ್ಯಾಂಕ್ ಇದ್ದವರು ಗಪ್ಪಿ, ಮಾಲಿಯಂಥ ಚಿಕ್ಕ ಮೀನುಗಳಲ್ಲೇ ಖುಷಿಪಡುವುದು ವಾಸಿ.

ಅಂದಹಾಗೆ, 324 ಲೀಟರ್ ಅಂದರೆ ನೀರೊಂದೇ 324 ಕೆ.ಜಿ. ಟಿವಿ ಸ್ಟ್ಯಾಂಡ್ ಮೇಲೆ ಇಡುವ ಯೋಚನೆ ಬಿಡಿ.

ಬೆಳೆದ ಮೀನನ್ನು ಕಲಬುರಗಿಯ ‘ಅಪ್ಪನ ಕೆರೆ’ಗೆ ಬಿಟ್ಟರಾಯಿತು ಅನ್ನುವವರೂ ಇರುತ್ತಾರೆ. ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಅನ್ನುವ ಮೀನು 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಸಿಕ್ಕಿತು. ಅದೇನು ಅಲ್ಲಿಂದ ಈಜಿಕೊಂಡು ಬಂದಿರಲಿಲ್ಲ, ಅಲ್ವಾ? ದೊಡ್ಡದಾದ ಮೇಲೆ ವಾಪಸ್ ತಗೋತೀರಾ ಅಂತ ಮರಿ ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿಬಿಡಿ.