ಯೂನಿವರ್ಸಿಟಿ ಪುಸ್ತಕ ಊರಿಗೆ ಬರ್ತಿತ್ತು, ಈಗ ನಾವೇ ಹುಡ್ಕೊಂಡು ಹೋಗ್ಬೇಕು

ಹಳೇ ಪುಸ್ತಕದಂಗಡೀಲಿ ಕೆಲವೊಮ್ಮೆ ಜೇಬಿಗೆ ಹಿಡಿಯೋ ಸೈಜಿನ ಪುಸ್ತಕಗಳು ಸಿಗ್ತಾವೆ, ದಪ್ಪ ರಟ್ಟಿಲ್ಲ, ಮೇಲೆ ಮೈಸೂರು ವಿಶ್ವವಿದ್ಯಾನಿಲಯ ಅಂತ ಹೆಸರು, ಪಕ್ಕದಲ್ಲೊಂದು ಮಾಲೆಯ ನಂಬರ್ರು. ಒಂದೇ ಬಸ್ ಪ್ರಯಾಣದಲ್ಲಿ ಓದಿ ಮುಗಿಸಬಹುದು. ಇವೆಲ್ಲ ಯೂನಿವರ್ಸಿಟಿಯ ಪುಸ್ತಕ ಪ್ರಕಟಿಸೋ ವಿಭಾಗ ಪ್ರಸಾರಾಂಗದ್ದು, ಇಲ್ಲಾಂದ್ರೆ ಅದಕ್ಕೂ ಹಿಂದಿನ ಪ್ರಚಾರ ಪುಸ್ತಕಮಾಲೇದು.

1916ರಲ್ಲಿ ಯೂನಿವರ್ಸಿಟಿ ಶುರುವಾದಾಗ ಕನ್ನಡ ಬಿಟ್ರೆ ಮಿಕ್ಕ ಪಾಠವೆಲ್ಲ ಹೆಚ್ಚುಕಮ್ಮಿ ಇಂಗ್ಲಿಷಲ್ಲೇ. ಚರಿತ್ರೆ, ಶಾಸನ ಅಂತ ಕನ್ನಡದಲ್ಲಿ ಗಂಭೀರವಾಗಿ ಬರೀತೀನಿ ಅಂದ್ರೆ ಜಾಗ ಕಮ್ಮಿ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ಪ್ರಬುದ್ಧ ಕರ್ಣಾಟಕ ಅನ್ನೋ ಪತ್ರಿಕೆ ಶುರು ಮಾಡಿದ್ರು, ಆಮೇಲೆ ಅದನ್ನ ಯೂನಿವರ್ಸಿಟೀನೇ ವಹಿಸ್ಕೊಳ್ತು. 1930ರ ದಶಕದಲ್ಲಿ ಬಂದದ್ದು ಪ್ರಚಾರೋಪನ್ಯಾಸ, ಅಂದ್ರೆ ಮೇಷ್ಟ್ರುಗಳೇ ಕಾಲೇಜು ಬಿಟ್ಟು ಊರೂರಿಗೆ ಹೋಗಿ ಕನ್ನಡದಲ್ಲಿ ಭಾಷಣ ಮಾಡೋದು, ಆ ಭಾಷಣಗಳೇ ಸಣ್ಣ ಪುಸ್ತಕ ಆಗೋದು. ನನ್ ಪ್ರಕಾರ ಇಡೀ ಕಥೇಲಿ ಜೀವ ಇರೋದು ಇಲ್ಲೇ, ಯಾಕಂದ್ರೆ ಎದುರಿಗೆ ಕೂತ ರೈತನಿಗೆ ಅರ್ಥ ಆಗ್ಲಿಲ್ಲ ಅಂದ್ರೆ ಅವನು ಎದ್ದು ಹೋಗ್ತಾನೆ, ಅಡಿಟಿಪ್ಪಣಿ ಹಿಂದೆ ಬಚ್ಚಿಟ್ಕೊಳ್ಳೋ ಹಂಗಿಲ್ಲ.

1956ರಲ್ಲಿ ಕುವೆಂಪು ಮೈಸೂರು ಯೂನಿವರ್ಸಿಟಿ ಉಪಕುಲಪತಿ ಆದ್ರು. ಪಾಠಕ್ಕೆ ಅಧ್ಯಯನಾಂಗ, ರಿಸರ್ಚಿಗೆ ಸಂಶೋಧನಾಂಗ, ಜನಕ್ಕೆ ಮುಟ್ಟಿಸೋಕೆ ಪ್ರಸಾರಾಂಗ, ಮೂರೂ ಸಮ ಅನ್ನೋ ಲೆಕ್ಕ ಅವರದ್ದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಸಾರಾಂಗದ ಕೆಲಸವನ್ನ ಕವಿ ಚೆನ್ನವೀರ ಕಣವಿ 1983ರವರೆಗೂ ನೋಡ್ಕೊಂಡ್ರು. 1991ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದಾಗ ಸಾಹಿತಿ ಚಂದ್ರಶೇಖರ ಕಂಬಾರರು ಮೊದಲ ಕುಲಪತಿ, ಅಲ್ಲಂತೂ ರಿಸರ್ಚೇ ಮುಖ್ಯ, ಹಂಗಾಗಿ ಜಾನಪದ, ಬುಡಕಟ್ಟು, ಸ್ಥಳೀಯ ಚರಿತ್ರೆ ಅಂತ ಪುಸ್ತಕದ ಮೇಲೆ ಪುಸ್ತಕ ಬಂತು.

ಸಮಸ್ಯೆ ಪ್ರಿಂಟ್ ಆದಮೇಲಿಂದು. ರೇಟು ಕಮ್ಮಿ ಇಟ್ರೆ ಅಂಗಡಿಯವನಿಗೆ ಕಮಿಷನ್ ಗಿಟ್ಟಲ್ಲ, ಅವನು ತರಿಸಲ್ಲ. ಮಾರಾಟ ಆಗೋದು ಹೆಚ್ಚಾಗಿ ಕ್ಯಾಂಪಸ್ ಮಳಿಗೇಲಿ, ಅದೂ ಆಫೀಸ್ ಟೈಮಲ್ಲಿ, ಇಲ್ಲಾಂದ್ರೆ ಸಾಹಿತ್ಯ ಸಮ್ಮೇಳನದ ಸ್ಟಾಲಲ್ಲಿ. ಮರುಮುದ್ರಣಕ್ಕೆ ಅನುದಾನ ಬರಬೇಕು, ಕಡತ ಓಡಾಡಬೇಕು, ಅಷ್ಟರಲ್ಲಿ ಆ ಪುಸ್ತಕ ಕೇಳಿದ ಹುಡುಗ ಪಿಎಚ್‌ಡಿ ಮುಗಿಸಿ ರಿಟೈರ್ ಆಗೋ ಹಂತಕ್ಕೆ ಬಂದಿರ್ತಾನೆ!

ಬೇರೆ ದಾರೀನೂ ಇದೆ. ಮೈಸೂರಿನ ಕನ್ನಡ ವಿಶ್ವಕೋಶ 14 ಸಂಪುಟ, ಮುಗಿಯೋ ಹೊತ್ತಿಗೆ 2004 ಆಗಿತ್ತು, ಅದರಲ್ಲಿ ಕೆಲವು ಸಂಪುಟಗಳನ್ನ 2014ರಲ್ಲಿ ಮುಕ್ತ ಲೈಸೆನ್ಸಲ್ಲಿ ಬಿಟ್ರು, ಈಗ ವಿಕಿಸೋರ್ಸ್ ಅನ್ನೋ ಆನ್‌ಲೈನ್ ಪುಸ್ತಕ ಭಂಡಾರದಲ್ಲಿ ಯಾರ್ ಬೇಕಾದ್ರೂ ಓದಬಹುದು, ತಗೊಂಡು ಬಳಸಬಹುದು. ಆ ಸಣ್ಣ ಪುಸ್ತಕಗಳಲ್ಲಿ ಹಕ್ಕು ಯೂನಿವರ್ಸಿಟಿ ಕೈಲೇ ಇರೋವನ್ನಾದ್ರೂ ಹಿಂಗೇ ಬಿಡಬಹುದು, ಅದಕ್ಕೆ ಗೋಡೌನೂ ಬೇಡ, ಕಮಿಷನ್ನೂ ಬೇಡ.