ಹತ್ತುವಾಗಿನ ಹೊಗೆ, ಇಳಿಯುವಾಗಿನ ಲೆಕ್ಕ

ಹೊಗೆ ತಪಾಸಣೆಗೆ ಬಂದ ಡೀಸೆಲ್ ವಾಹನದ ಕೊಳವೆಗೆ ಉಪಕರಣ ಸಿಕ್ಕಿಸಿ, ನಿಂತಲ್ಲೇ ಆಕ್ಸಿಲರೇಟರ್ ತುಳಿಸಿ, ಹೊಗೆ ಎಷ್ಟು ಕಪ್ಪಗಿದೆ ಎಂದು ನೋಡಿ ಪ್ರಮಾಣಪತ್ರ ಕೊಡುತ್ತಾರೆ. ಅದೇ ವಾಹನ ಮರುದಿನ ಜನ, ಸಾಮಾನು ತುಂಬಿಕೊಂಡು ಸಂಪಾಜೆ ಘಟ್ಟದ ಜೋಡುಪಾಲದ ತಿರುವುಗಳನ್ನು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತುವಾಗ ಏನನ್ನು ಉಗುಳುತ್ತದೆ ಎಂಬುದಕ್ಕೂ ಆ ಕಾಗದಕ್ಕೂ ಇರುವ ನಂಟು ತೀರ ತೆಳುವಾದದ್ದು. ಶ್ವಾಸಕೋಶವನ್ನು ಕೆಡಿಸುವ ನೈಟ್ರೋಜನ್ ಆಕ್ಸೈಡ್‌ಗಳನ್ನಂತೂ ಈ ತಪಾಸಣೆ ಅಳೆಯುವುದೇ ಇಲ್ಲ. ರೈಲು ಇಲ್ಲದ, ಅಕ್ಕಿಯಿಂದ ಕಾಫಿಯವರೆಗೆ ಎಲ್ಲವೂ ರಸ್ತೆಯ ಮೇಲೆಯೇ ಬಂದು ಹೋಗಬೇಕಾದ ಕೊಡಗಿನಲ್ಲಿ ಇದನ್ನು ಸಣ್ಣ ಕೊರತೆಯೆಂದು ಬದಿಗಿಡಲಾಗದು.

ನಿಂತ ವಾಹನವನ್ನೋ ಪ್ರಯೋಗಾಲಯದ ಉರುಳೆಗಳ ಮೇಲೆ ಓಡಿಸಿದ ವಾಹನವನ್ನೋ ನಂಬಿದರೆ ಏನಾಗುತ್ತದೆ ಎಂಬುದು ಜಗತ್ತಿಗೆಲ್ಲ ಗೊತ್ತಾದದ್ದು 2015ರ ಸೆಪ್ಟೆಂಬರಿನಲ್ಲಿ, ಜರ್ಮನಿಯ ಕಾರು ಕಂಪನಿ ಫೋಕ್ಸ್‌ವ್ಯಾಗನ್‌ನ ಮೋಸ ಬಯಲಾದಾಗ. ಅದಕ್ಕೂ ಎರಡು ವರ್ಷ ಹಿಂದೆಯೇ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಡೀಸೆಲ್ ಕಾರುಗಳ ಹಿಂಬದಿಗೆ ಅಳತೆಯ ಯಂತ್ರ ಕಟ್ಟಿ ರಸ್ತೆಯ ಮೇಲೆ ಓಡಿಸಿದಾಗ, ಫೋಕ್ಸ್‌ವ್ಯಾಗನ್‌ನ ಒಂದು ಕಾರು ನೈಟ್ರೋಜನ್ ಆಕ್ಸೈಡ್‌ಗಳನ್ನು ಮಿತಿಯ 15ರಿಂದ 35 ಪಟ್ಟು ಹೊರಬಿಟ್ಟಿತ್ತು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ, ಆಗ ಮಾತ್ರ ಸಭ್ಯವಾಗಿ ವರ್ತಿಸುವ ತಂತ್ರಾಂಶ ಅದರೊಳಗಿತ್ತು. 2017ರಿಂದ ಯೂರೋಪಿನಲ್ಲಿ, 2023ರ ಏಪ್ರಿಲ್ 1ರಿಂದ ಭಾರತದಲ್ಲಿ, ಹೊಸ ಕಾರುಗಳು ನಿಜವಾದ ರಸ್ತೆಯ ಮೇಲೂ ಮಿತಿಯೊಳಗಿರಬೇಕೆಂಬ ನಿಯಮ ಬಂತು.

ಆದರೆ ಯಾವ ರಸ್ತೆ? ಯೂರೋಪಿನ ನಿಯಮದಂತೆ ಪರೀಕ್ಷೆಯ ಓಟದಲ್ಲಿ 100 ಕಿ.ಮೀ.ಗೆ ಒಟ್ಟು ಏರು 1,200 ಮೀಟರ್ ದಾಟಬಾರದು. ಘಟ್ಟದ ಬುಡದ ಸಂಪಾಜೆಯಿಂದ ಮೇಲಿನ ಮಡಿಕೇರಿಗೆ ಸುಮಾರು 30 ಕಿ.ಮೀ.; ಅಷ್ಟರೊಳಗೇ ರಸ್ತೆ ಹೆಚ್ಚುಕಡಿಮೆ 1,000 ಮೀಟರ್ ಏರಿಬಿಡುತ್ತದೆ. ಅಂದರೆ ಆ ಮಿತಿಯ ಎರಡೂವರೆ ಪಟ್ಟಿಗಿಂತ ಹೆಚ್ಚಿನ ಏರು. ಅಲ್ಲಿಯ ಲೆಕ್ಕದಲ್ಲಿ ನಮ್ಮ ದಿನನಿತ್ಯದ ದಾರಿ ಪರೀಕ್ಷೆಗೆ ಯೋಗ್ಯವಾದ ದಾರಿಯೇ ಅಲ್ಲ.

ಹತ್ತುವುದರಲ್ಲಷ್ಟೇ ತೊಂದರೆ ಎಂದುಕೊಂಡರೆ ತಪ್ಪಾದೀತು. ಈಗಿನ ಅನೇಕ ಡೀಸೆಲ್ ಬಸ್ಸು, ಲಾರಿಗಳಲ್ಲಿ ಯೂರಿಯಾ ದ್ರಾವಣ ಸಿಂಪಡಿಸಿ ನೈಟ್ರೋಜನ್ ಆಕ್ಸೈಡ್‌ಗಳನ್ನು ಮುರಿಯುವ ವ್ಯವಸ್ಥೆ ಇದೆ. ಹೊಗೆಯ ಶಾಖ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಏರಿನಲ್ಲಿ ಎಂಜಿನ್ ಕಾದಿರುತ್ತದೆ, ವ್ಯವಸ್ಥೆ ಚುರುಕಾಗಿರುತ್ತದೆ. ಅದೇ ಘಟ್ಟದಲ್ಲಿ ಮದೆನಾಡಿನಿಂದ ಕೊಯನಾಡಿನ ತನಕ ಎಂಜಿನ್ ಹಿಡಿತದಲ್ಲೇ ಇಳಿದು ಬಂದಾಗ ಅದು ತಣ್ಣಗಾಗಿರುತ್ತದೆ. ಆಮೇಲೆ ಮತ್ತೆ ಎಂಜಿನ್ ಕಾಯುವವರೆಗೆ ಹೊರಬರುವುದು ಬಹುಪಾಲು ಶುದ್ಧಿಯಾಗದ ಅನಿಲವೇ. ವಾರಾಂತ್ಯದಲ್ಲಿ ಮಡಿಕೇರಿಯ ಇಕ್ಕಟ್ಟಿನ ರಸ್ತೆಗಳಲ್ಲಿ ಪ್ರವಾಸಿ ವಾಹನಗಳು ಎಂಜಿನ್ ಆರಿಸದೆ ಸಾಲುಗಟ್ಟಿ ನಿಂತಾಗಲೂ ಇದೇ ಪಾಡು.

ಹಾಗಾದರೆ ವಿದ್ಯುತ್ ಬಸ್ಸು ಓಡಿಸಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. 15 ಟನ್ ತೂಕದ ಬಸ್ಸನ್ನು 1,000 ಮೀಟರ್ ಮೇಲೆತ್ತಲು, ಬೇರೆಲ್ಲ ನಷ್ಟ ಬಿಟ್ಟು, ಸುಮಾರು 41 ಯೂನಿಟ್ ಶಕ್ತಿ ಬೇಕು. ಈ ಎತ್ತುವ ಕೆಲಸವೊಂದಕ್ಕೇ ಡೀಸೆಲ್ ಎಂಜಿನ್ ಸುಮಾರು 11 ಲೀಟರ್ ಉರಿಸುತ್ತದೆ, ಲೀಟರಿಗೆ 2.68 ಕಿಲೋ ಎಂದರೆ ಸುಮಾರು 29 ಕಿಲೋ ಇಂಗಾಲದ ಡೈಆಕ್ಸೈಡ್. ವಿದ್ಯುತ್ ಬಸ್ಸಿಗೆ ಮೋಟಾರು, ಬ್ಯಾಟರಿಗಳ ನಷ್ಟ ಸೇರಿ 50 ಯೂನಿಟ್ ಬೇಕೆನ್ನಿ. ನಮ್ಮ ದೇಶದ ವಿದ್ಯುಜ್ಜಾಲದಲ್ಲಿ ಯೂನಿಟ್ಟಿಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಬರುವುದರಿಂದ ಅದು 35 ಕಿಲೋ ಆಗುತ್ತದೆ. ಘಟ್ಟ ಹತ್ತುವುದನ್ನು ಮಾತ್ರ ನೋಡಿದರೆ, ಪೇಟೆಯ ಗಾಳಿಗೆ ಒಳ್ಳೆಯದಾದರೂ, ಇಂಗಾಲದ ಲೆಕ್ಕದಲ್ಲಿ ವಿದ್ಯುತ್ ಬಸ್ಸು ಗೆದ್ದಿಲ್ಲ!

ಅದು ಗೆಲ್ಲುವುದು ಇಳಿಯುವಾಗ. ಡೀಸೆಲ್ ಬಸ್ಸು ಏರಿನಲ್ಲಿ ಗಳಿಸಿದ ಶಕ್ತಿಯನ್ನು ಬ್ರೇಕಿನ ಬಿಸಿಯಾಗಿಯೂ ಎಂಜಿನ್ನಿನ ಗೊರಗೊರ ಸದ್ದಾಗಿಯೂ ಕಳೆದುಬಿಡುತ್ತದೆ. ವಿದ್ಯುತ್ ಬಸ್ಸಿನ ಮೋಟಾರು ಇಳಿಜಾರಿನಲ್ಲಿ ಡೈನಮೋ ಆಗಿ ತಿರುಗಿ ಬ್ಯಾಟರಿಯನ್ನು ತುಂಬುತ್ತದೆ. 20 ಯೂನಿಟ್ ಮರಳಿ ಬಂದರೂ ಸಾಕು, 35 ಕಿಲೋ ಇದ್ದದ್ದು 21ಕ್ಕೆ ಇಳಿಯುತ್ತದೆ.

ಇಲ್ಲೊಂದು ತೊಡಕಿದೆ, ನನಗೆ ಅತ್ಯಂತ ಸ್ವಾರಸ್ಯವಾಗಿ ಕಾಣುವುದೂ ಅದೇ. ತುಂಬಿದ ಕೊಡಕ್ಕೆ ನೀರು ಸುರಿದಂತೆ, ತುಂಬಿದ ಬ್ಯಾಟರಿ ಏನನ್ನೂ ಹಿಡಿದುಕೊಳ್ಳದು. ಮಡಿಕೇರಿಯಲ್ಲಿ ಶೇ 100ರಷ್ಟು ಚಾರ್ಜ್ ಮಾಡಿಕೊಂಡು ಸುಳ್ಯದ ಕಡೆಗೆ ಇಳಿಯುವ ಬಸ್ಸು ಬಿಟ್ಟಿಯಾಗಿ ಸಿಗುವ ಶಕ್ತಿಯನ್ನು ಕೈಯಾರೆ ಕಳೆದುಕೊಳ್ಳುತ್ತದೆ. ಅದೇ ಬಸ್ಸು ಕುಶಾಲನಗರದ ಮೂಲಕ ಮೈಸೂರಿಗೆ ಹೋಗುವುದಾದರೆ ಇಳಿತ ಅಷ್ಟಿಲ್ಲ, ದೂರ ಹೆಚ್ಚು, ಹಾಗಾಗಿ ಹೆಚ್ಚು ತುಂಬಿಸುವುದೇ ಸರಿ. ಆದ್ದರಿಂದ ಚಾರ್ಜರ್ ಜಾಣನಾಗಬೇಕಾದರೆ, ಬ್ಯಾಟರಿ ಎಷ್ಟು ಖಾಲಿಯಿದೆ ಎಂಬುದರ ಜೊತೆಗೆ ಈ ಬಸ್ಸು ಮುಂದೆ ಯಾವ ದಿಕ್ಕಿಗೆ ಹೊರಡುತ್ತದೆ, ಎಷ್ಟು ಜನ ಹತ್ತುವ ಹೊತ್ತು, ಮಳೆಯಿದೆಯೇ ಎಂಬುದೂ ಅದಕ್ಕೆ ತಿಳಿದಿರಬೇಕು.

ಇದಕ್ಕೆ ಬೇಕಾದ ದತ್ತಾಂಶದ ಒಂದು ಭಾಗ ಈಗಾಗಲೇ ರಸ್ತೆಯ ಮೇಲೆ ಓಡಾಡುತ್ತಿದೆ. 2019ರಿಂದ ನೋಂದಣಿಯಾಗುವ ಹೊಸ ಸಾರ್ವಜನಿಕ ಸಾರಿಗೆ ವಾಹನಗಳಿಗೆ ಸ್ಥಳ ತಿಳಿಸುವ ಸಾಧನ ಕಡ್ಡಾಯವಾಗಿದೆ. ಮೊಬೈಲ್ ಸಿಗ್ನಲ್ ಸಿಗದ ಕಾಡಿನ ನಡುವೆ ಅದು ಮಾಹಿತಿಯನ್ನು ಕೂಡಿಟ್ಟುಕೊಂಡು, ಸಿಗ್ನಲ್ ಬಂದ ಮೇಲೆ ಕಳುಹಿಸುತ್ತದೆ. ಆದರೆ ಕಣಿವೆಯಲ್ಲಿ ಉಪಗ್ರಹದ ಸಂಕೇತ ಬೆಟ್ಟಕ್ಕೆ ಬಡಿದು ಬರುವುದರಿಂದ ಎತ್ತರದ ಅಳತೆ ಹತ್ತಾರು ಮೀಟರ್ ತಪ್ಪಬಹುದು. ಗಾಳಿಯ ಒತ್ತಡ ಅಳೆಯುವ ಪುಟ್ಟ ಬಿಲ್ಲೆಯೊಂದನ್ನು ಜೊತೆಗಿಟ್ಟರೆ ಏರಿಳಿತ ಎಷ್ಟೋ ನಿಖರವಾಗಿ ಸಿಗುತ್ತದೆ. ಇದು ಇಂದು ಅನೇಕರ ಮೊಬೈಲಿನಲ್ಲೇ ಇರುವ ಅಗ್ಗದ ವಸ್ತು.

ಚಾಲಕರ ಮಾತನ್ನೂ ಇಲ್ಲಿ ಸೇರಿಸಬೇಕು. ಇಂಥ ದತ್ತಾಂಶ ಕೈಗೆ ಸಿಕ್ಕೊಡನೆ ಯಾರು ಹೆಚ್ಚು ಡೀಸೆಲ್ ಸುಟ್ಟರು ಎಂದು ಪಟ್ಟಿ ಮಾಡಿ ದಂಡ ಹಾಕುವ ಚಪಲ ಮೇಲಿನವರಿಗೆ ಬರುವುದು ಸಹಜ. ಸಂಪಾಜೆ ಘಟ್ಟದ ಪಾಳಿಯವನನ್ನೂ ಕುಶಾಲನಗರ–ಮೈಸೂರು ಪಾಳಿಯವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅದು ಅನ್ಯಾಯವಾಗುತ್ತದೆ. ಹೋಲಿಸುವುದಾದರೆ ಅದೇ ಏರು, ಅದೇ ಭಾರ, ಅದೇ ಮಳೆಯ ದಿನಗಳನ್ನಷ್ಟೇ ಹೋಲಿಸಬೇಕು. ಯಾವ ತಿರುವಿಗೆ ಮುಂಚೆ ಗೇರು ಇಳಿಸಬೇಕು ಎಂಬುದನ್ನು ವರ್ಷಗಟ್ಟಲೆ ಘಟ್ಟ ಹತ್ತಿಳಿದ ಚಾಲಕ ಕಾಲಲ್ಲೇ ಬಲ್ಲ. ಮುಂದಿನ ಏರಿಳಿತವನ್ನು ನಕ್ಷೆಯಿಂದ ಓದಿ ಗೇರು ಬದಲಿಸುವ ಹೊಸ ಲಾರಿಗಳ ತಂತ್ರಾಂಶ ಕಲಿಯಲು ಹೊರಟಿರುವುದೂ ಅದನ್ನೇ.