ವಕೀಲರು ನಮ್ಮ ಸಭೆಯವರೇ ಆಗಿರಬೇಕಾ?

ಪ್ರಶ್ನೆ: ನಾವು ಬಳ್ಳಾರಿಯ ಕ್ರೈಸ್ತರು. ಅಪ್ಪ ವಿಲ್ ಬರೆಯದೆ ತೀರಿಕೊಂಡರು. ಮನೆ ಇನ್ನೂ ಅವರ ಹೆಸರಲ್ಲೇ ಇದೆ. ಅಮ್ಮ, ಅಣ್ಣ, ನಾನು, ತಂಗಿ ಇದ್ದೇವೆ. ನಮ್ಮ ಸಭೆಯಲ್ಲೇ, ಅಂದರೆ ಚರ್ಚಿನಲ್ಲೇ, ಒಬ್ಬ ವಕೀಲರಿದ್ದಾರೆ. ವಿಶ್ವಾಸಿಯನ್ನು ಬಿಟ್ಟು ಹೊರಗಿನವರ ಹತ್ತಿರ ಹೋಗೋದು ತಪ್ಪಲ್ವಾ ಅಂತ ಅಮ್ಮ ಕೇಳುತ್ತಾರೆ. ಏನು ಮಾಡೋದು?

ತಪ್ಪಲ್ಲ. ನಿಮ್ಮ ಕೇಸಿನಲ್ಲಂತೂ ಹೊರಗಿನವರೇ ವಾಸಿ ಅಂತ ನನ್ನ ಅನಿಸಿಕೆ.

ಮೊದಲು ಅಮ್ಮನ ಮಾತಿಗೆ ಬರೋಣ. ಇಂಥ ಕಡೆ ಎಲ್ಲರೂ ಎತ್ತುವ ಬೈಬಲ್ ವಾಕ್ಯ 2 ಕೊರಿಂಥ 6:14. ನಂಬಿಕೆ ಇಲ್ಲದವರ ಜೊತೆ ಇಜ್ಜೋಡಾಗಬೇಡಿ, ಅಂದರೆ ಒಂದೇ ನೊಗಕ್ಕೆ ಕಟ್ಟಿಕೊಳ್ಳಬೇಡಿ ಅನ್ನೋದು. ನೊಗ ಅಂದರೆ ಇಬ್ಬರೂ ಹೆಗಲು ಕೊಡಬೇಕು, ಒಬ್ಬರು ಹೋದ ಕಡೆ ಇನ್ನೊಬ್ಬರೂ ಹೋಗಬೇಕು. ಫೀಸು ಕೊಟ್ಟು ಕಾಗದ ಬರೆಸೋದು ಹಾಗಲ್ಲ. ಬೇಡ ಅನಿಸಿದ ದಿನ ಫೈಲು ವಾಪಸ್ ತಗೊಂಡು ಬರಬಹುದು. 1 ಅರಸುಗಳು 5ನೇ ಅಧ್ಯಾಯವನ್ನೂ ಅಮ್ಮನಿಗೆ ಓದಿ ಹೇಳಿ. ದೇವಾಲಯ ಕಟ್ಟುವಾಗ ಸೊಲೊಮೋನ ತೂರಿನ ಅರಸ ಹೀರಾಮನಿಗೆ ಹೇಳಿ ಕಳಿಸುತ್ತಾನೆ, ಮರ ಕಡಿಯೋದರಲ್ಲಿ ಸೀದೋನಿನವರಷ್ಟು ಪಳಗಿದವರು ನಮ್ಮಲ್ಲಿ ಯಾರೂ ಇಲ್ಲ ಅಂತ. ದೇವರ ಮನೆಯ ಕೆಲಸಕ್ಕೇ ಹೊರಗಿನ ಕೈ ಆಗುತ್ತೆ ಅಂದಮೇಲೆ ನಮ್ಮ ಮನೆ ಕಾಗದದ್ದೇನು?

ಇನ್ನು ಕಾನೂನು. ಇಲ್ಲಿ ನಂಬಿಕೆ ಲೆಕ್ಕಕ್ಕೆ ಬರುತ್ತೆ. ಆದರೆ ನಿಮ್ಮ ಅಪ್ಪನದ್ದು, ವಕೀಲರದ್ದಲ್ಲ. ಕ್ರೈಸ್ತರು ವಿಲ್ ಇಲ್ಲದೆ ತೀರಿಕೊಂಡರೆ ನಡೆಯೋದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರ ಪ್ರಕಾರ ಹೆಂಡತಿಗೆ ಮೂರನೇ ಒಂದು ಪಾಲು. ಉಳಿದ ಮೂರನೇ ಎರಡು ಪಾಲನ್ನು ಮಕ್ಕಳು ಸಮನಾಗಿ ಹಂಚಿಕೊಳ್ಳಬೇಕು. ಗಂಡು ಹೆಣ್ಣು ಅನ್ನೋ ಭೇದ ಇಲ್ಲ. ನಿಮ್ಮ ಮನೆಯಲ್ಲಿ ಮಕ್ಕಳು ಮೂವರು, ತಲಾ ಒಂಬತ್ತರಲ್ಲಿ ಎರಡು ಪಾಲು. ತಂಗಿಗೆ ಮದುವೆ ಆಗಿದ್ದರೂ ಅಷ್ಟೇ.

ಎಡವೋದು ಇಲ್ಲೇ. ಕೋರ್ಟಿಗೆ ಬರುವ ಪಾಲಿನ ಕೇಸುಗಳಲ್ಲಿ ಹಿಂದೂ ಕುಟುಂಬಗಳದ್ದೇ ಜಾಸ್ತಿ. ಹಾಗಾಗಿ ಕೆಲವರ ಬಾಯಲ್ಲಿ ಸಲೀಸಾಗಿ ಬಂದುಬಿಡುತ್ತೆ, ‘ಪಿತ್ರಾರ್ಜಿತ ಆಸ್ತಿ, ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು’ ಅಂತ. ನಿಮಗೆ ಅದು ಅನ್ವಯಿಸಲ್ಲ. ಯಾವ ವಕೀಲರ ಹತ್ತಿರ ಹೋದರೂ ಮೊದಲು ಕೇಳಿ: ‘ನಾವು ಕ್ರೈಸ್ತರು, ನಮಗೆ ಯಾವ ಕಾಯ್ದೆ ಸಾರ್?’ ತಡವರಿಸಿದರೆ ಎದ್ದು ಬನ್ನಿ, ಅವರು ಪ್ರತಿ ಭಾನುವಾರ ಮುಂದಿನ ಬೆಂಚಿನಲ್ಲೇ ಕೂರುವವರಾದರೂ. ಈ ಕಾಯ್ದೆಯನ್ನು ಅರೆದು ಕುಡಿದವರು ಹಿಂದೂವೋ ಮುಸ್ಲಿಮರೋ ಆಗಿದ್ದರೆ ನಿಮಗೇನು ನಷ್ಟ? ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆಯನ್ನೂ ಕೇಳಿ. ನಾಚಿಕೆ ಬೇಡ.

ನಿಮ್ಮ ಸಭೆಯ ವಕೀಲರಿಗೆ ಕೆಲಸ ಬರಲ್ಲ ಅಂತ ನಾನು ಹೇಳುತ್ತಿಲ್ಲ. ತೊಡಕು ಬೇರೆ. ಅಣ್ಣ, ನೀವು, ತಂಗಿ ಮೂವರೂ ಅದೇ ಸಭೆಯವರು ತಾನೇ? ಇವತ್ತು ಎಲ್ಲರೂ ಒಂದೇ ಮಾತಾಗಿರಬಹುದು. ನಾಳೆ ಅಣ್ಣ ‘ಮಹಡಿ ಕಟ್ಟಿಸಿದ್ದು ನನ್ನ ದುಡ್ಡಲ್ಲಿ’ ಅಂದರೆ ಆ ವಕೀಲರು ಯಾರ ಕಡೆ? ಎರಡೂ ಕಡೆ ನಿಲ್ಲೋಕೆ ಅವರಿಗೆ ಬರಲ್ಲ. ಆರಾಧನೆ ಮುಗಿದ ಮೇಲೆ ಚಪ್ಪಲಿ ಹುಡುಕುತ್ತಾ ‘ಬ್ರದರ್, ನಮ್ಮ ಫೈಲು ಏನಾಯ್ತು?’ ಅಂತ ನೀವು ಕೇಳ್ತೀರಿ, ಪಕ್ಕದಲ್ಲಿ ಇನ್ನಿಬ್ಬರು ಕಿವಿ ನಿಮಿರಿಸ್ತಾರೆ. ಗುಟ್ಟು ಕಾಯೋದು ವಕೀಲರ ಕರ್ತವ್ಯ, ಸರಿ. ಸಭೆಯ ಅಂಗಳಕ್ಕೆ ಆ ಕಟ್ಟು ಇಲ್ಲ.

ಫೀಸಿನ ಮಾತೂ ಕಷ್ಟವೇ. ‘ಪ್ರೀತಿಯಿಂದ ಎಷ್ಟಾದರೂ ಕೊಡಿ’ ಅಂದುಬಿಡ್ತಾರೆ. ರಸೀದಿ ಕೇಳೋಕೆ ನಿಮಗೆ ಸಂಕೋಚ, ಗಟ್ಟಿಯಾಗಿ ಕೇಳೋಕೆ ಅವರಿಗೆ ಸಂಕೋಚ. ಕೆಲಸ ಆರು ತಿಂಗಳು ಎಳೆದರೂ ಯಾರೂ ಬಾಯಿ ಬಿಡಲ್ಲ.

ಗಂಡ ಹೆಂಡತಿ ಜಗಳ, ಮನಸ್ಸಿನ ಕಾಯಿಲೆ ಇಂಥವುಗಳಲ್ಲಿ ಒಂದೇ ನಂಬಿಕೆಯವರಾದರೆ ಮಾತು ಸುಲಭ, ಒಪ್ಪುತ್ತೇನೆ. ಪ್ರಾರ್ಥನೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಆದರೂ ಪಾಸ್ಟರ್ ಪಾಸ್ಟರೇ, ಮನೋವೈದ್ಯರು ಮನೋವೈದ್ಯರೇ. ಕಥೋಲಿಕರು ಇನ್ನೊಂದು ತಿಳಿದಿರಲಿ: ಚರ್ಚಿನ ನ್ಯಾಯಪೀಠ ಮದುವೆ ಅಸಿಂಧು ಅಂದರೂ ಕಾನೂನಿನ ಕಣ್ಣಲ್ಲಿ ಮದುವೆ ಮುರಿಯಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಕೋರ್ಟಿಗೆ ಹೋಗಲೇಬೇಕು.

‘ನಮ್ಮವರ ಹೊಟ್ಟೆಪಾಡು ನಾವೇ ನೋಡಬೇಕಲ್ವಾ’ ಅನ್ನೋರೂ ಇದ್ದಾರೆ. ಬಳ್ಳಾರಿಯ ವಾರ್ಡ್ಲಾ ಶಾಲೆ ಲಂಡನ್ ಮಿಷನ್‌ನ ಕ್ರೈಸ್ತ ಮಿಷನರಿಗಳು ಕಟ್ಟಿದ್ದು. ಊರಿನ ಉಳಿದವರೂ ಇದೇ ಲೆಕ್ಕ ಹಿಡಿದಿದ್ದರೆ ಅಲ್ಲಿ ಬೆಂಚು ತುಂಬುತ್ತಿತ್ತಾ?

ಈಗ ಮಾಡಬೇಕಾದ್ದು: ಅಪ್ಪನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಮನೆಯ ಖಾತಾ, ಇ.ಸಿ. (ಋಣಭಾರ ಪ್ರಮಾಣಪತ್ರ) ಒಟ್ಟು ಮಾಡಿ. ಇಬ್ಬರು ವಕೀಲರನ್ನು ಕಂಡು ಮಾತಾಡಿ. ಸಭೆಯ ವಕೀಲರಿಗೆ ಬೇರೆಯವರ ಬಾಯಿಂದ ಗೊತ್ತಾಗೋ ಮುಂಚೆ ನೀವೇ ಹೇಳಿಬಿಡಿ: ‘ಬ್ರದರ್, ನಾವು ಮೂವರೂ ನಿಮಗೆ ಬೇಕಾದವರು. ನಿಮ್ಮನ್ನ ಇಕ್ಕಟ್ಟಿಗೆ ಸಿಗಿಸಬಾರದು ಅಂತ ಹೊರಗೆ ತೋರಿಸ್ತಿದ್ದೀವಿ.’ ಅನುಭವ ಇರುವ ವಕೀಲರಾದರೆ ಬೇಜಾರು ಮಾಡಿಕೊಳ್ಳಲ್ಲ. ಒಳ್ಳೆಯವರ ಹೆಸರನ್ನು ಅವರೇ ಹೇಳಲೂಬಹುದು.